ಬೂದಿ ಮೊದಲು, ಹುಣಸೆ ಆಮೇಲೆ

ಕರಾವಳಿಯವರಿಗೆ ಪಚ್ಚಿಲೆಯನ್ನು ಪರಿಚಯಿಸಬೇಕಿಲ್ಲ. ಕಡಲಬಂಡೆಗೆ ಗಟ್ಟಿಯಾಗಿ ಅಂಟಿಕೊಂಡು ಬೆಳೆಯುವ, ಚಿಪ್ಪಿನ ಅಂಚಿನಲ್ಲಿ ಪಚ್ಚೆ ಬಣ್ಣ ಮಿನುಗುವ ಜೀವಿ ಅದು. ಸುಕ್ಕ ಮಾಡಿ ಬಡಿಸಿದರೆ ಎರಡು ತುತ್ತು ಹೆಚ್ಚೇ ಇಳಿಯುತ್ತದೆ. ವಿಜ್ಞಾನಿಗಳು ಪೆರ್ನಾ ವಿರಿಡಿಸ್ ಎಂದು ಕರೆಯುವ ಈ ಪಚ್ಚಿಲೆ ನಮ್ಮ ಕಡಲುಗಳನ್ನು ದಾಟಿ 1999ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಕೊಲ್ಲಿಯಲ್ಲಿ ಕಾಣಿಸಿಕೊಂಡಿತು. ನಾಲ್ಕು ವರ್ಷ ಕಳೆದ ಮೇಲೆ ಅದೇ ಕೊಲ್ಲಿಯ ದಡದಲ್ಲಿ ಕಡಲ ನೀರನ್ನು ಸಿಹಿನೀರು ಮಾಡುವ ಘಟಕವೊಂದು ಶುರುವಾಯಿತು. ದಿನಕ್ಕೆ ಸುಮಾರು 9.5 ಕೋಟಿ ಲೀಟರ್ ಕೊಡಬೇಕಾಗಿದ್ದ, ಆ ಕಾಲಕ್ಕೆ ಆ ದೇಶದಲ್ಲೇ ಅತಿ ದೊಡ್ಡದಾಗಿದ್ದ ಘಟಕ.

ಅದು ಒಂದು ದಿನವೂ ನೆಮ್ಮದಿಯಿಂದ ಓಡಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಪಚ್ಚಿಲೆ ಮರಿಗಳು ನೀರಿನ ಜೊತೆ ಒಳಗೆ ಬಂದವು. ತಿಂಗಳುಗಟ್ಟಲೆ ಬಾಳಬೇಕಾಗಿದ್ದ ಸೋಸುಬತ್ತಿಗಳು ದಿನಗಳಲ್ಲೇ ಕಟ್ಟಿಕೊಂಡವು. ಅವುಗಳ ಹಿಂದಿದ್ದ, ಉಪ್ಪನ್ನು ತಡೆಯುವ ಪೊರೆಗಳನ್ನು ಎಷ್ಟು ತೊಳೆದರೂ ಸಾಲದಾಯಿತು. ಯೋಜನೆಗೆ ಕೈಹಾಕಿದ್ದ ಕಂಪನಿಗಳು ಒಂದರ ಹಿಂದೊಂದು ದಿವಾಳಿಯಾದವು. ಹಣದ ತೊಂದರೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಘಟಕದ ಬಾಗಿಲು ಮುಚ್ಚಿಸಿದ್ದು ಮುಖ್ಯವಾಗಿ ಒಳಗೆ ಬರುತ್ತಿದ್ದ ನೀರಿನ ಕೊಳೆ. ನೀರು ಸೆಳೆಯುವಲ್ಲಿ ಹೊಸ ಜಾಲರಿ, ಸೋಸುವಲ್ಲಿ ಇನ್ನೊಂದು ಹಂತ, ಹೀಗೆ ಎಲ್ಲವನ್ನೂ ಮತ್ತೆ ಕಟ್ಟಿ ಮುಗಿಸುವ ಹೊತ್ತಿಗೆ 2007 ಮುಗಿಯುತ್ತ ಬಂದಿತ್ತು.

ಪೊರೆಯ ಮೇಲೆ ಕೊಳೆ ಕಟ್ಟುವುದನ್ನು ಘಟಕಗಳಲ್ಲಿ ಫೌಲಿಂಗ್ ಎನ್ನುತ್ತಾರೆ. ಕಡಲ ನೀರನ್ನು ಕುಡಿಯುವ ನೀರಾಗಿಸುವ ಕೆಲಸದಲ್ಲಿ ಉಪ್ಪೇ ದೊಡ್ಡ ಸಮಸ್ಯೆ ಎಂದು ನಾವೆಲ್ಲ ಭಾವಿಸಿದ್ದೇವೆ. ಉಪ್ಪಿನ ಸಮಸ್ಯೆಗೆ ಉತ್ತರ ಸಿಕ್ಕಿ ಅರವತ್ತು ವರ್ಷ ದಾಟಿತು. ಇವತ್ತಿಗೂ ಎಂಜಿನಿಯರುಗಳ ನಿದ್ದೆ ಕೆಡಿಸುವುದು ಈ ಕೊಳೆ.

ಪೊರೆ ಎಂದರೆ ಎಂಥದ್ದು?

ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ನಾಲ್ಕಾರು ದಿನಗಳಲ್ಲಿ ಮಿಡಿ ಚಿರುಟುತ್ತದೆ, ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ನಾವು ಹನಿ ನೀರು ಹಾಕಿರುವುದಿಲ್ಲ. ಮಿಡಿಯ ಜೀವಕೋಶಗಳ ಪೊರೆಯನ್ನು ದಾಟಿ ಒಳಗಿನ ನೀರು ಉಪ್ಪಿನ ಕಡೆಗೆ ಹರಿದಿದೆ. ಶಾಲೆಯಲ್ಲಿ ಅಭಿಸರಣೆ ಎಂದು ಓದಿದ್ದು ಇದನ್ನೇ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅದರ ಎಳೆತ ಸುಮಾರು 27 ಬಾರ್ ಒತ್ತಡಕ್ಕೆ ಸಮ. ಆ ಎಳೆತವನ್ನು ಮೀರಿಸಿ, ನೀರನ್ನು ಉಪ್ಪಿನ ಕಡೆಯಿಂದ ಸಿಹಿಯ ಕಡೆಗೆ ಹಿಂದಕ್ಕೆ ನೂಕುವ ಹಿಮ್ಮುಖ ಅಭಿಸರಣೆಯೇ ಆರ್‌ಒ. ಅದಕ್ಕೆ 55ರಿಂದ 70 ಬಾರ್ ಒತ್ತಡ ಬೇಕು. ಕಡಲಲ್ಲಿ ಆರುನೂರು ಮೀಟರ್ ಆಳಕ್ಕೆ ಇಳಿದರೆ ಮೈಮೇಲೆ ಎಷ್ಟು ಭಾರ ಬೀಳುತ್ತದೋ ಅಷ್ಟು.

ಈ ಒತ್ತಡ ತಾಳಿಕೊಂಡು ಉಪ್ಪನ್ನು ತಡೆದು ನೀರನ್ನು ಬಿಡುವ ಪೊರೆಯನ್ನು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ವಿಭಾಗದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ತಯಾರಿಸಿದರು. ಅದು ಸೆಲ್ಯುಲೋಸ್ ಅಸಿಟೇಟಿನ ಪೊರೆ. 1970ರ ದಶಕದ ಕೊನೆಗೆ ಜಾನ್ ಕ್ಯಾಡಟ್ ಎಂಬ ರಸಾಯನ ವಿಜ್ಞಾನಿ ಪಾಲಿಅಮೈಡ್ ಎಂಬ ಇನ್ನೂ ತೆಳುವಾದ ಪದರವನ್ನು ಆಧಾರಬಟ್ಟೆಯ ಮೇಲೆ ಮೂಡಿಸುವ ದಾರಿ ಕಂಡುಕೊಂಡರು. ಇಂದು ಹೆಚ್ಚುಕಡಿಮೆ ಎಲ್ಲ ಘಟಕಗಳಲ್ಲೂ, ನಿಮ್ಮ ಅಡುಗೆಮನೆಯ ಗೋಡೆಗೆ ತೂಗಿದ ಯಂತ್ರದಲ್ಲೂ ಇರುವುದು ಇದೇ. ಉಪ್ಪನ್ನು ತಡೆಯುವ ಆ ಪದರದ ದಪ್ಪ ಮೈಕ್ರಾನಿನ ಐದನೇ ಒಂದು ಭಾಗವೂ ಇರದು. ತಲೆಕೂದಲೊಂದನ್ನು ಮುನ್ನೂರು ಪದರವಾಗಿ ಸೀಳಿದರೆ ಒಂದು ಪದರ ಎಷ್ಟಿದ್ದೀತೋ ಅಷ್ಟು.

ಇದನ್ನು ಮೂರು ಕಡೆ ಅಂಟಿಸಿದ ಲಕೋಟೆಗಳಂತೆ ಮಾಡಿ, ನಡುವೆ ಒಂದು ಮಿಲಿಮೀಟರಿಗಿಂತ ತೆಳುವಾದ ಪ್ಲಾಸ್ಟಿಕ್ ಜಾಲರಿ ಇಟ್ಟು, ಚಾಪೆ ಸುತ್ತಿದಂತೆ ಕೊಳವೆಯ ಸುತ್ತ ಸುತ್ತುತ್ತಾರೆ. ಎಂಟು ಇಂಚು ಅಗಲ, ನಲವತ್ತು ಇಂಚು ಉದ್ದದ ಆ ಸುರುಳಿಗೆ ಎಲಿಮೆಂಟ್ ಎಂದು ಹೆಸರು. ಒಂದೊಂದರ ಒಳಗೂ ಸುಮಾರು 40 ಚದರ ಮೀಟರ್ ಪೊರೆ. ಇಂಥ ಆರರಿಂದ ಎಂಟು ಸುರುಳಿಗಳನ್ನು ವೆಸೆಲ್ ಎಂಬ ಉದ್ದನೆಯ ಕೊಳವೆಯ ಒಳಗೆ ಸಾಲಾಗಿ ತೂರಿಸುತ್ತಾರೆ.

ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಸಂಸ್ಕರಿಸುವ ಎಂಆರ್‌ಪಿಎಲ್‌ನ ಕಡಲನೀರಿನ ಘಟಕವಿದೆ. ತಣ್ಣೀರಿನ ಬಾವಿ ಎಂಬ ಅರ್ಥದ ಹೆಸರುಳ್ಳ ಊರಿನಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಕೆಲಸ ನಡೆದಿದೆ ಎಂಬುದು ನನ್ನನ್ನು ಪ್ರತಿ ಸಲ ಕಲಕುತ್ತದೆ. 2016 ಮತ್ತು 2019ರ ಬೇಸಿಗೆಗಳಲ್ಲಿ ನೇತ್ರಾವತಿ ಸೊರಗಿದಾಗ ಆ ತೈಲಾಗಾರದ ಕೆಲವು ವಿಭಾಗಗಳನ್ನೇ ನಿಲ್ಲಿಸಬೇಕಾಗಿತ್ತು. ಕಡಲಿನತ್ತ ಮುಖ ಮಾಡಲು ಆ ಬರಗಳೂ ಕಾರಣ. ಘಟಕದ ಸಾಮರ್ಥ್ಯ ದಿನಕ್ಕೆ 3 ಕೋಟಿ ಲೀಟರ್. ಒಂದು ಎಲಿಮೆಂಟ್ ದಿನಕ್ಕೆ 12ರಿಂದ 15 ಸಾವಿರ ಲೀಟರ್ ಕೊಡುತ್ತದೆಂದು ಲೆಕ್ಕ ಹಾಕಿದರೆ ಇಷ್ಟು ನೀರಿಗೆ ಎರಡು ಸಾವಿರಕ್ಕೂ ಮಿಕ್ಕಿ ಎಲಿಮೆಂಟ್ ಬೇಕು. ಬಿಡಿಸಿ ಹಾಸಿದರೆ ಕಡಿಮೆಯೆಂದರೂ ಇಪ್ಪತ್ತು ಎಕರೆ ಪೊರೆ. ಸುರುಳಿಯೊಳಗೆ ಮುದುಡಿ ಕೂತ ಆ ಇಪ್ಪತ್ತು ಎಕರೆಯ ಯಾವ ಮೂಲೆಯಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನು ಯಾರೂ ಕಣ್ಣಿನಿಂದ ನೋಡಲಾರರು. ಇಡೀ ಸಂಕಟ ಇಲ್ಲಿಂದ ಶುರು.

ಇಂಗ್ಲಿಷಿಗೆ ಒಂದು ಪದ, ಕನ್ನಡಕ್ಕೆ ನಾಲ್ಕು

ಫೌಲಿಂಗ್ ಎಂಬ ಒಂದೇ ಪದದಲ್ಲಿ ಇಂಗ್ಲಿಷಿನವರು ಎಲ್ಲವನ್ನೂ ತುಂಬಿದ್ದಾರೆ. ಪಾತ್ರೆ ತಿಕ್ಕಿದ ಕೈಗಳ ಭಾಷೆಯಾದ ಕನ್ನಡಕ್ಕೆ ಕೊಳೆಯ ಜಾತಿಗಳು ಚೆನ್ನಾಗಿ ಗೊತ್ತು. ನದಿ ಮತ್ತು ಅಲೆ ಕಲಕಿ ತರುವ ಸಣ್ಣ ಮಣ್ಣು ಹೂಳು. ಸತ್ತ ಪಾಚಿ, ಕೊಳೆತ ಎಲೆ, ದೋಣಿಯ ಎಣ್ಣೆಯಿಂದ ಬರುವುದು ಜಿಡ್ಡು. ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯಾಗಿ ಕೂರುವುದು ಸುಣ್ಣದ ಹಕ್ಕಳೆ. ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿಸುವುದು ಲೋಳೆ.

ಈ ನಾಲ್ಕರಲ್ಲಿ ಕಡಲನೀರಿನ ಘಟಕಕ್ಕೆ ಸುಣ್ಣದ ಕಾಟ ಅಷ್ಟಿಲ್ಲ. ಒಳಗೆ ಬಂದ ನೂರು ಲೀಟರಿನಲ್ಲಿ ನಲವತ್ತರಷ್ಟನ್ನು ಮಾತ್ರ ಸಿಹಿ ಮಾಡಿ ಉಳಿದದ್ದನ್ನು ಕಡಲಿಗೆ ಬಿಡುವುದರಿಂದ ಲವಣಗಳು ಹರಳುಗಟ್ಟುವಷ್ಟು ಸಾಂದ್ರವಾಗುವುದು ಕಡಿಮೆ. ಹೂಳನ್ನು ಮೊದಲೇ ಸೋಸಿ ತೆಗೆಯಬಹುದು. ಜಿಡ್ಡನ್ನೂ ಬಹುಮಟ್ಟಿಗೆ ಹಿಡಿಯಬಹುದು. ಲೋಳೆ ಮಾತ್ರ ಬೇರೆ ಥರದ್ದು, ಏಕೆಂದರೆ ಅದಕ್ಕೆ ಜೀವವಿದೆ. ಸಾವಿರ ಬ್ಯಾಕ್ಟೀರಿಯಾಗಳಲ್ಲಿ ಒಂಬೈನೂರ ತೊಂಬತ್ತೊಂಬತ್ತನ್ನು ತಡೆದರೂ ಉಳಿದ ಒಂದು ಪೊರೆಯ ಮೇಲೆ ಕುಳಿತು ಸಂಸಾರ ಹೂಡುತ್ತದೆ. ಬೆಂಡೆಕಾಯಿಯಲ್ಲಿ, ದಾಸವಾಳದ ಎಲೆಯಲ್ಲಿ ಇರುವಂಥ ಸಕ್ಕರೆಸರಪಳಿಗಳ ಅಂಟನ್ನು ತನ್ನ ಸುತ್ತ ಸ್ರವಿಸಿ ಮನೆ ಕಟ್ಟಿಕೊಳ್ಳುತ್ತದೆ. ಜರ್ಮನಿಯ ಹಾನ್ಸ್-ಕರ್ಟ್ ಫ್ಲೆಮಿಂಗ್ 1997ರಲ್ಲಿ ಈ ಲೋಳೆಯನ್ನೇ ಪೊರೆ ತಂತ್ರಜ್ಞಾನದ ಮರ್ಮಸ್ಥಾನ ಎಂಬ ಅರ್ಥದಲ್ಲಿ ಕರೆದಿದ್ದರು. ಅವರ ಮಾತು ಇಂದಿಗೂ ಹಳತಾಗಿಲ್ಲ.

ಲೋಳೆಗೆ ಸಹಾಯ ಮಾಡುವ ಇನ್ನೊಂದು ಅಂಟು ನೀರಿನಲ್ಲೇ ತೇಲುತ್ತಿರುತ್ತದೆ. ಅದು ಪಾರದರ್ಶಕವಾದ್ದರಿಂದ ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1993ರಲ್ಲಿ ಸಮುದ್ರ ವಿಜ್ಞಾನಿಗಳು ಆಲ್ಸಿಯನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ನೋಡಿದಾಗ ತಿಳಿಯಾಗಿ ಕಾಣುವ ಕಡಲ ನೀರಿನಲ್ಲೂ ಪಾಚಿಗಳು ಬಿಟ್ಟ ಗೋಂದಿನ ಚೂರುಗಳು ತುಂಬಿರುವುದು ಗೊತ್ತಾಯಿತು. ಪೊರೆಯ ಮೇಲೆ ಬ್ಯಾಕ್ಟೀರಿಯಾಗಳಿಗೆ ಹಾಸಿಗೆ ಹಾಸುವುದರಲ್ಲಿ ಇವುಗಳ ಪಾಲು ದೊಡ್ಡದು.

ಪಂಪು ರೋಗವನ್ನು ಮುಚ್ಚಿಡುತ್ತದೆ

ಲೋಳೆ ಕಟ್ಟಿದ ಪೊರೆಯಿಂದ ನೀರು ಕಡಿಮೆ ಬರಬೇಕು. ಆದರೆ ಯಾವ ಘಟಕವೂ ನೀರು ಕಡಿಮೆಯಾಗಲು ಬಿಡುವುದಿಲ್ಲ. ದಿನಕ್ಕೆ ಇಷ್ಟು ಲೀಟರ್ ಕೊಡುತ್ತೇವೆಂದು ಕರಾರಾಗಿರುತ್ತದೆ. ನೀರು ಚೂರು ಇಳಿದರೆ ಪಂಪಿನ ಒತ್ತಡ ಚೂರು ಏರುತ್ತದೆ. 58 ಬಾರ್ ಇದ್ದದ್ದು 60 ಆಗುತ್ತದೆ, ಆಮೇಲೆ 63. ನಲ್ಲಿಯಲ್ಲಿ ಬರುವ ನೀರು ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ. ವಿದ್ಯುತ್ ಬಿಲ್ಲು ಏರುತ್ತದೆ, ಅದಕ್ಕೆ ಬೇರೆ ನೂರು ಕಾರಣಗಳನ್ನು ಹೇಳಬಹುದು. ಈ ನಡುವೆ ಹೆಚ್ಚಿದ ಒತ್ತಡ ಲೋಳೆಯನ್ನು ಪೊರೆಗೆ ಇನ್ನಷ್ಟು ಬಿಗಿಯಾಗಿ ಅಮುಕುತ್ತಿರುತ್ತದೆ. ಯಂತ್ರ ತನ್ನ ರೋಗವನ್ನು ತಾನೇ ಮುಚ್ಚಿಟ್ಟುಕೊಂಡು ಅದನ್ನು ಬೆಳೆಸುತ್ತದೆ ಎಂಬುದು ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ತಿಳಿದಿರಲೇಬೇಕಾದ ವಿಷಯ. ತೊಳೆಯುವುದು ಕಷ್ಟವಲ್ಲ. ತೊಳೆಯುವ ಹೊತ್ತು ಬಂದಿದೆ ಎಂದು ತಿಳಿಯುವುದು ಕಷ್ಟ.

ಇದಕ್ಕೆ ಋತುಮಾನದ ಗೊಂದಲವೂ ಸೇರುತ್ತದೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಪೊರೆಯಿಂದ ಸುಮಾರು ಶೇ 3ರಷ್ಟು ಹೆಚ್ಚು ನೀರು ಹರಿಯುತ್ತದೆ. ಕಡಲು ನಾಲ್ಕು ಡಿಗ್ರಿ ಕಾದರೆ ಶೇ 12. ಬೇಸಿಗೆಯಲ್ಲಿ ಪೊರೆ ಶೇ 10ರಷ್ಟು ಕಟ್ಟಿಕೊಂಡಿದ್ದರೂ ಬಿಸಿ ಅದನ್ನು ಮರೆಮಾಚಬಲ್ಲದು. ಮಳೆ ಬಂದು ನೀರು ತಣ್ಣಗಾದ ಕೂಡಲೇ ಎಲ್ಲವೂ ಒಟ್ಟಿಗೆ ಕೆಟ್ಟಂತೆ ಕಾಣುತ್ತದೆ. ಹಾಗಾಗಿ ಮೀಟರು ತೋರಿಸಿದ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಇವತ್ತಿನ ಉಷ್ಣತೆ, ಉಪ್ಪು, ಒತ್ತಡ ಎಲ್ಲವೂ ಪೊರೆ ಹೊಸದಾಗಿದ್ದ ಮೊದಲ ದಿನದಂತೆಯೇ ಇದ್ದಿದ್ದರೆ ಎಷ್ಟು ನೀರು ಬರುತ್ತಿತ್ತು ಎಂದು ಲೆಕ್ಕ ಕಟ್ಟಿ, ಆ ಅಂಕಿಯನ್ನು ಮೊದಲ ದಿನದ ಅಂಕಿಯ ಪಕ್ಕ ಇಡಬೇಕು. ಘಟಕದ ಭಾಷೆಯಲ್ಲಿ ಇದಕ್ಕೆ ನಾರ್ಮಲೈಸೇಶನ್ ಎಂದು ಹೆಸರು. ಈಗ ಗಣಕ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಆದರೆ ಮೊದಲ ದಿನದ ಅಂಕಿಗಳನ್ನು ಯಾರಾದರೂ ಬರೆದಿಟ್ಟಿದ್ದರೆ ತಾನೇ?

ಹೀಗೆ ತಿದ್ದಿದ ಮೂರು ಅಂಕಿಗಳನ್ನು ಆಪರೇಟರುಗಳು ನಾಡಿ ನೋಡಿದಂತೆ ನೋಡುತ್ತಾರೆ: ಬರುವ ಸಿಹಿನೀರಿನ ಪ್ರಮಾಣ, ಅದರಲ್ಲಿ ನುಸುಳಿದ ಉಪ್ಪು, ವೆಸೆಲ್‌ನ ಈ ತುದಿಗೂ ಆ ತುದಿಗೂ ನಡುವಿನ ಒತ್ತಡದ ಅಂತರ. ನೀರು ಶೇ 10ರಷ್ಟು ಇಳಿದರೆ, ಉಪ್ಪು ಶೇ 5ರಿಂದ 10ರಷ್ಟು ಏರಿದರೆ, ಅಂತರ ಶೇ 15ರಷ್ಟು ಹೆಚ್ಚಿದರೆ ತೊಳೆಯಬೇಕೆಂಬುದು ಎಲ್ಲೆಡೆ ಒಪ್ಪಿದ ಪಾಠ. ಮೂರೂ ಏರಿಳಿಯುವ ರೀತಿಯನ್ನು ಒಟ್ಟಿಗೆ ಓದಿದರೆ ರೋಗದ ಹೆಸರೂ ಹೊಳೆಯುತ್ತದೆ. ನೀರು ಹಾಗೇ ಇದ್ದು ಒತ್ತಡದ ಅಂತರ ಮಾತ್ರ ಏರುತ್ತಿದ್ದರೆ ಲೋಳೆ ಮೊಳೆತಿದೆ ಎಂದು ಶಂಕಿಸಬೇಕು. ನೀರೂ ಹೆಚ್ಚಿ ಉಪ್ಪೂ ಹೆಚ್ಚಿದರೆ ಪೊರೆಯೇ ಸವೆದಿದೆ. ಆಗ ತೊಳೆದು ಪ್ರಯೋಜನವಿಲ್ಲ.

ಒತ್ತಡದ ಅಂತರ ಏಕೆ ಮೊದಲು ಏರುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನ ಸಂಶೋಧಕರು 2009ರಲ್ಲಿ ಕೊಟ್ಟ ಉತ್ತರ ಹಲವರ ನಂಬಿಕೆಯನ್ನು ಅಲುಗಾಡಿಸಿತು. ಪೊರೆಯ ಮೂಲಕ ನೀರು ಸೋರಿದರೂ ಸೋರದಿದ್ದರೂ ಲೋಳೆ ಒಂದೇ ರೀತಿ ಬೆಳೆದು ಒತ್ತಡದ ಅಂತರವನ್ನು ಏರಿಸುತ್ತದೆಂದು ಅವರು ತೋರಿಸಿದರು. ಅಂದರೆ ಲೋಳೆಯ ಮುಖ್ಯ ಮನೆ ಪೊರೆಗಿಂತ ಹೆಚ್ಚಾಗಿ ಪದರಗಳ ನಡುವಿನ ಆ ಪ್ಲಾಸ್ಟಿಕ್ ಜಾಲರಿ. ಗದ್ದೆಗೆ ನೀರು ಹಾಯಿಸುವ ಕಾಲುವೆಯಲ್ಲೇ ಜೊಂಡು ಬೆಳೆದ ಹಾಗೆ.

ಮಿಣುಕುಹುಳದ ಸಹಾಯ

ರೋಗ ಬರುವ ಮೊದಲೇ ನೀರಿನ ಗುಣ ನೋಡುವ ಪರೀಕ್ಷೆಗಳೂ ಇವೆ. ಎಲ್ಲ ಘಟಕಗಳಲ್ಲೂ ಮಾಡುವುದು ಹೂಳಿನ ಸೂಚ್ಯಂಕವಾದ ಎಸ್‌ಡಿಐ. 0.45 ಮೈಕ್ರಾನ್ ರಂಧ್ರದ ಸಣ್ಣ ಬಿಲ್ಲೆಯ ಮೂಲಕ ನಿಗದಿತ ಒತ್ತಡದಲ್ಲಿ 500 ಮಿಲಿಲೀಟರ್ ನೀರು ತುಂಬಲು ಎಷ್ಟು ಹೊತ್ತು ಬೇಕು ಎಂದು ಅಳೆಯುತ್ತಾರೆ. ನೀರನ್ನು ಹರಿಯಲು ಬಿಟ್ಟು 15 ನಿಮಿಷದ ಮೇಲೆ ಮತ್ತೆ ಅಷ್ಟೇ ನೀರಿಗೆ ಹೊತ್ತು ಅಳೆಯುತ್ತಾರೆ. ಮೊದಲು 30 ಸೆಕೆಂಡ್, ಆಮೇಲೆ 60 ಸೆಕೆಂಡ್ ಹಿಡಿದರೆ ಸೂಚ್ಯಂಕ 3.3. ಐದು ದಾಟಿದ ನೀರನ್ನು ಪೊರೆಗೆ ಬಿಡಬಾರದು, ಮೂರರೊಳಗಿದ್ದರೆ ಒಳ್ಳೆಯದು. ಬಿಲ್ಲೆಯ ಮೇಲೆ ಉಳಿದ ಬಣ್ಣವೂ ಮಾತಾಡುತ್ತದೆ: ಕೆಂಗಂದು ಇದ್ದರೆ ಕಬ್ಬಿಣ, ಹಸಿರು ಇದ್ದರೆ ಪಾಚಿ.

ಆದರೆ ಎಸ್‌ಡಿಐ ಹೂಳನ್ನು ಹಿಡಿಯುತ್ತದೆಯೇ ಹೊರತು ಲೋಳೆಯನ್ನು ಮುನ್ಸೂಚಿಸದು. ಸೂಚ್ಯಂಕ ಎರಡಿದ್ದ ನೀರಿನಲ್ಲೂ ಪೊರೆಗಳು ಲೋಳೆಗಟ್ಟಿದ್ದಿದೆ. ಹದಿನೈದು ನಿಮಿಷದಲ್ಲಿ ಯಾವ ಬ್ಯಾಕ್ಟೀರಿಯಾ ಸಂಸಾರ ಬೆಳೆಸೀತು? ಅದಕ್ಕಾಗಿ ಎಟಿಪಿ ಅಳೆಯುವ ವಿಧಾನ ಬಂತು. ಜೀವವಿರುವ ಪ್ರತಿ ಕೋಶದಲ್ಲೂ ಶಕ್ತಿಯ ಚಿಲ್ಲರೆ ನಾಣ್ಯದಂತೆ ಎಟಿಪಿ ಎಂಬ ರಾಸಾಯನಿಕ ಇರುತ್ತದೆ. ಮಳೆಗಾಲಕ್ಕೆ ಮೊದಲು ಮಲೆನಾಡಿನ ಮರಗಳನ್ನು ಬೆಳಗುವ ಮಿಣುಕುಹುಳಗಳ ಹೊಟ್ಟೆಯಲ್ಲಿ ಬೆಳಕು ಹುಟ್ಟಲು ಇದೇ ಎಟಿಪಿ ಬೇಕು. ಆ ಹುಳದ ಲೂಸಿಫರೇಸ್ ಎಂಬ ಕಿಣ್ವವನ್ನು ಲೂಸಿಫೆರಿನ್ ಜೊತೆ ನೀರಿನ ಮಾದರಿಗೆ ಬೆರೆಸಿದರೆ, ನೀರಿನಲ್ಲಿ ಜೀವ ಎಷ್ಟಿದೆಯೋ ಅಷ್ಟು ಬೆಳಕು ಮೂಡುತ್ತದೆ. ಉಪಕರಣ ಆ ಬೆಳಕನ್ನು ಅಳೆದು ಅಂಕಿ ಕೊಡುತ್ತದೆ. ಕೆಲವೇ ನಿಮಿಷಗಳ ಕೆಲಸ.

ಇನ್ನೊಂದು ದಾರಿ, ಮುಖ್ಯ ಸಾಲಿನ ನೀರನ್ನೇ ಒಂದು ಎಳೆ ಕವಲೊಡೆಸಿ, ಅಂಗೈ ಅಗಲದ ಪೊರೆ ಮತ್ತು ಜಾಲರಿ ಇರುವ ಚಪ್ಪಟೆ ಪೆಟ್ಟಿಗೆಯ ಮೂಲಕ ಹರಿಸುವುದು. ಅದಕ್ಕೊಂದು ಗಾಜಿನ ಕಿಟಕಿ ಇರುತ್ತದೆ. ಇಪ್ಪತ್ತು ಎಕರೆಯಲ್ಲಿ ಏನಾಗುತ್ತಿದೆ ಎಂಬುದನ್ನು ಒಂದು ಅಂಗೈ ಪೊರೆ ಕಣ್ಣಿಗೆ ತೋರಿಸುತ್ತದೆ. ನನಗೆ ಇದು ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವ ಜಾಣ್ಮೆಯಾಗಿಯೇ ಕಾಣುತ್ತದೆ.

ರೋಗ ವೆಸೆಲ್‌ನ ಯಾವ ಭಾಗದಲ್ಲಿದೆ ಎಂದು ತಿಳಿಯಲು ಸಿಹಿನೀರಿನ ಕೊಳವೆಯೊಳಗೆ ತೆಳುವಾದ ಪ್ಲಾಸ್ಟಿಕ್ ನಳಿಗೆ ತೂರಿಸಿ, ಗೇಣು ಗೇಣಿಗೂ ನೀರು ತೆಗೆದು ಉಪ್ಪು ಅಳೆಯುತ್ತಾರೆ. ಹೂಳು ಮತ್ತು ಲೋಳೆ ಕೂರುವುದು ನೀರು ಒಳಬರುವ ಮೊದಲ ಎಲಿಮೆಂಟಿನಲ್ಲಿ. ಸುಣ್ಣ ಕಟ್ಟುವುದು ಕೊನೆಯದರಲ್ಲಿ, ಏಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ನೀರು ಸಾಂದ್ರವಾಗಿರುತ್ತದೆ. ಅನುಮಾನ ಬಂದ ಎಲಿಮೆಂಟನ್ನು ಹೊರತೆಗೆದು ತೂಕಕ್ಕಿಡುವುದೂ ಉಂಟು. ಹದಿನೈದು ಕಿಲೋ ಇರಬೇಕಾದದ್ದು ಇಪ್ಪತ್ತು ತೂಗಿದರೆ ಇನ್ನೇನು ಸಾಕ್ಷಿ ಬೇಕು?

ಅದಕ್ಕೂ ಉತ್ತರ ಸಿಗದಿದ್ದರೆ ಒಂದು ಎಲಿಮೆಂಟನ್ನು ಬಲಿ ಕೊಡುತ್ತಾರೆ. ಹೊರಗವಚ ಕೊಯ್ದು, ಸುರುಳಿ ಬಿಡಿಸಿ, ಪೊರೆಯನ್ನು ಮೇಜಿನ ಮೇಲೆ ಹಾಸುತ್ತಾರೆ. ಮೂಗಿಗೆ ಮೊದಲು ವಾಸನೆ ಬಡಿಯುತ್ತದೆ; ಲೋಳೆಯಾಗಿದ್ದರೆ ಕೊಳೆತ ಮೀನಿನಂಥದ್ದು. ಕೆರೆದು ತೆಗೆದದ್ದನ್ನು ಒಣಗಿಸಿ 550 ಡಿಗ್ರಿಯಲ್ಲಿ ಸುಡುತ್ತಾರೆ. ಸುಟ್ಟುಹೋದದ್ದು ಜೈವಿಕ, ಉಳಿದ ಬೂದಿ ಖನಿಜ. ಬಿಳಿ ಹರಳಿನ ಮೇಲೆ ಒಂದು ಹನಿ ಆಮ್ಲ ಬಿಟ್ಟಾಗ ನೊರೆಯೆದ್ದರೆ ಸುಣ್ಣ.

ತೊಳೆಯುವ ಕ್ರಮ

ನಮ್ಮ ಅಜ್ಜಿಯರು ಎಣ್ಣೆ ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ ಹಾಕುತ್ತಿದ್ದರು, ತಾಮ್ರದ ಚೊಂಬಿನ ಕಿಲುಬಿಗೆ ಹುಣಸೆಹಣ್ಣು. ಬೂದಿ ಕ್ಷಾರ, ಹುಣಸೆ ಆಮ್ಲ. ಕೋಟ್ಯಂತರ ರೂಪಾಯಿಯ ಘಟಕದಲ್ಲಿ ಪೊರೆ ತೊಳೆಯುವ ವಿದ್ಯೆಯೂ ಇದೇ ಎರಡು ಕಂಬಗಳ ಮೇಲೆ ನಿಂತಿದೆ. ಜಿಡ್ಡು ಮತ್ತು ಲೋಳೆಗೆ ಕಾಸ್ಟಿಕ್ ಸೋಡಾ ಬೆರೆಸಿದ, ಪಿಎಚ್ 11ರಿಂದ 12ರ ನೀರು. ಸುಣ್ಣಕ್ಕೂ ಕಬ್ಬಿಣದ ತುಕ್ಕಿಗೂ ಶೇ 2ರ ಸಿಟ್ರಿಕ್ ಆಮ್ಲ, ಅಂದರೆ ಲಿಂಬೆಯ ಹುಳಿ.

ಇಲ್ಲಿ ಯಾವುದು ಮೊದಲು ಎಂಬುದು ಮುಖ್ಯ. ಲೋಳೆ ಇದೆಯೆಂದು ಅನುಮಾನವಿದ್ದರೆ ಕ್ಷಾರವೇ ಮೊದಲು. ಹಾಲಿಗೆ ಲಿಂಬೆ ಹಿಂಡಿದರೆ ಒಡೆದು ಗಡ್ಡೆ ಕಟ್ಟುವುದನ್ನು ನೋಡಿದ್ದೀರಲ್ಲ; ಲೋಳೆಯಲ್ಲಿರುವ ಪ್ರೋಟೀನಿಗೆ ಮೊದಲೇ ಆಮ್ಲ ಸೋಕಿದರೆ ಅದೂ ಹಾಗೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ಎಷ್ಟು ಕ್ಷಾರ ಸುರಿದರೂ ಬಿಡಿಸುವುದು ಕಷ್ಟ. ಕ್ಷಾರದ ಜೊತೆ ಇಡಿಟಿಎ ಎಂಬುದನ್ನೂ ಬೆರೆಸುತ್ತಾರೆ. ಲೋಳೆಯ ಎಳೆಗಳನ್ನು ಒಂದಕ್ಕೊಂದು ಹೊಲಿದಿರುವುದು ಕಡಲ ನೀರಿನ ಕ್ಯಾಲ್ಸಿಯಂ. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಕಿತ್ತುಕೊಂಡರೆ ಹೊಲಿಗೆ ಬಿಚ್ಚುತ್ತದೆ.

ಘಟಕದವರು ಸಿಐಪಿ ಎನ್ನುವ ಈ ಕೆಲಸಕ್ಕೆ ಅವಸರ ಕೂಡದು. ಎಲಿಮೆಂಟುಗಳನ್ನು ಇದ್ದಲ್ಲೇ ಬಿಟ್ಟು, 30ರಿಂದ 35 ಡಿಗ್ರಿಗೆ ಕಾಯಿಸಿದ ದ್ರಾವಣವನ್ನು ಕಡಿಮೆ ಒತ್ತಡದಲ್ಲಿ ಸುತ್ತಿಸುತ್ತಾರೆ. ಒತ್ತಡ ಹೆಚ್ಚಾದರೆ ನೀರು ಪೊರೆಯ ಆಚೆ ಹೋಗುತ್ತದೆ, ಬಿಡಿಸಿದ ಕೊಳೆ ಮತ್ತೆ ಅಂಟುತ್ತದೆ. ಮೊದಲು ಹೊರಬರುವ ಗಲೀಜನ್ನು ಚರಂಡಿಗೆ ಬಿಟ್ಟು, ಒಂದು ಗಂಟೆಯಿಂದ ಒಂದು ರಾತ್ರಿಯವರೆಗೆ ನೆನೆಯಲು ಬಿಡುತ್ತಾರೆ. ಕೊನೆಗೆ ರಭಸದಿಂದ ಹರಿಸುತ್ತಾರೆ. ಅನುಭವಿ ಆಪರೇಟರ್ ಮೀಟರಿನ ಜೊತೆ ದ್ರಾವಣದ ಬಣ್ಣವನ್ನೂ ನೋಡುತ್ತಾನೆ. ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದನ್ನು ಚೆಲ್ಲಿ ಹೊಸದು ಕಲಸಬೇಕು. ಪಿಎಚ್ ಇಳಿಯುತ್ತಿದ್ದರೆ ಕ್ಷಾರ ಇನ್ನೂ ಕೊಳೆಯೊಡನೆ ಕೆಲಸ ಮಾಡುತ್ತಿದೆ ಎಂದರ್ಥ.

ರಾಸಾಯನಿಕವೇ ಇಲ್ಲದೆ ಸಡಿಲಿಸುವ ಉಪಾಯವೂ ಇದೆ. ಪಂಪಿನ ಒತ್ತಡ ತೆಗೆದ ಕೂಡಲೇ ಮಾವಿನ ಮಿಡಿಯ ನಿಯಮ ಮರಳಿ ಬರುತ್ತದೆ. ಸಿಹಿನೀರು ತಾನಾಗಿಯೇ ಪೊರೆ ದಾಟಿ ಉಪ್ಪಿನ ಕಡೆಗೆ ಹಿಂದಕ್ಕೆ ಹರಿದು, ಕೂತ ಕೊಳೆಯನ್ನು ಕೆಳಗಿನಿಂದ ಎತ್ತುತ್ತದೆ. ಆಗಾಗ ಕೆಲವು ಕ್ಷಣ ಹೀಗೆ ಮಾಡಿದರೆ ದೊಡ್ಡ ತೊಳೆತವನ್ನು ಮುಂದೂಡಬಹುದು. ಪ್ರಕೃತಿಯ ಯಾವ ನಿಯಮದ ವಿರುದ್ಧ ಘಟಕ ದಿನವಿಡೀ ಸೆಣಸುತ್ತದೋ ಅದೇ ನಿಯಮವನ್ನು ಸಹಾಯಕ್ಕೆ ಕರೆಯುವ ಈ ಉಪಾಯ ನನಗೆ ತುಂಬ ಇಷ್ಟ.

ಕ್ಲೋರಿನ್ ಹಾಕಿ ಬ್ಯಾಕ್ಟೀರಿಯಾವನ್ನೇ ಕೊಂದರಾಗದೇ ಎಂದು ಓದುಗರು ಕೇಳಬಹುದು. ಮೊದಲು ಎಲ್ಲರೂ ಹಾಗೇ ಮಾಡಿದರು. ಪಾಲಿಅಮೈಡ್ ಪೊರೆಗೆ ಕ್ಲೋರಿನ್ ವಿಷವಾದ್ದರಿಂದ, ಪೊರೆಯ ಬಾಗಿಲಲ್ಲಿ ಸೋಡಿಯಂ ಬೈಸಲ್ಫೈಟ್ ಹಾಕಿ ಅದನ್ನು ಇಲ್ಲವಾಗಿಸುತ್ತಿದ್ದರು. ಆದರೆ ನೀರಿನಲ್ಲಿ ಕರಗಿದ ದೊಡ್ಡ ಜೈವಿಕ ಅಣುಗಳನ್ನು ಕ್ಲೋರಿನ್ ಸಣ್ಣ ಸಣ್ಣ ತುತ್ತುಗಳಾಗಿ ಒಡೆಯುತ್ತದೆ. ಬೈಸಲ್ಫೈಟ್ ದಾಟಿ ಬದುಕಿ ಬಂದ ಬ್ಯಾಕ್ಟೀರಿಯಾಗಳಿಗೆ ಪೊರೆಯ ಮೇಲೆ ಹಬ್ಬದೂಟ ಸಿದ್ಧವಾಗಿರುತ್ತದೆ. ಸದಾ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಆಗೊಮ್ಮೆ ಈಗೊಮ್ಮೆ ಹಾಕಿದಾಗ ಹಲವು ಘಟಕಗಳಲ್ಲಿ ಲೋಳೆ ಕಡಿಮೆಯೇ ಆಯಿತು.

ತೊಳೆತಕ್ಕೂ ಬೆಲೆಯಿದೆ. ಪ್ರತಿ ಬಾರಿಯೂ ಪೊರೆಯ ಆಯುಷ್ಯ ಚೂರು ಸವೆಯುತ್ತದೆ. ವರ್ಷಕ್ಕೆ ಒಂದರಿಂದ ನಾಲ್ಕು ಸಲ ತೊಳೆದರೆ ಸರಿ. ತಿಂಗಳಿಗೊಮ್ಮೆ ತೊಳೆಯಬೇಕಾಗಿ ಬಂದರೆ ದೋಷ ಪೊರೆಯದ್ದಲ್ಲ, ಅದಕ್ಕೂ ಹಿಂದಿನ ಸೋಸುವಿಕೆಯದ್ದು. ಟ್ಯಾಂಪಾ ಕೊಲ್ಲಿಯವರು ದುಬಾರಿ ದರಕ್ಕೆ ಕಲಿತ ಪಾಠ ಇದು.

ಕಡಲು ಬಣ್ಣ ಬದಲಿಸಿದಾಗ

2008ರ ಆಗಸ್ಟ್‌ನಲ್ಲಿ ಅರಬ್ ಸಂಸ್ಥಾನಗಳ ಮತ್ತು ಒಮಾನಿನ ಕಡಲು ಕೆಂಗಂದಾಯಿತು. ಕಾಕ್ಲೋಡಿನಿಯಂ ಎಂಬ ಪಾಚಿಜೀವಿ ಎಂಟು ತಿಂಗಳಿಗೂ ಹೆಚ್ಚು ಕಾಲ ಆ ನೀರನ್ನು ಆಳಿತು. ಮೀನುಗಳು ಸತ್ತವು, ಕಡಲನೀರಿನ ಘಟಕಗಳು ಒಂದೊಂದಾಗಿ ಬಾಗಿಲು ಹಾಕಿದವು. ದುಬೈ, ಅಬುಧಾಬಿ, ಮಸ್ಕತ್ತಿನಲ್ಲಿ ದುಡಿಯುವ ನಮ್ಮ ಕರಾವಳಿಯ ಸಾವಿರಾರು ಮನೆಗಳವರು ದಿನವೂ ಕುಡಿಯುವುದು ಇಂಥ ನೀರನ್ನೇ. ಸೋಸುವ ಹಂತಕ್ಕೂ ಮೊದಲು ಸಣ್ಣ ಗಾಳಿಗುಳ್ಳೆಗಳಿಂದ ಪಾಚಿಯನ್ನು ಮೇಲಕ್ಕೆ ತೇಲಿಸಿ, ಕೆನೆ ತೆಗೆದಂತೆ ತೆಗೆಯುವ ಏರ್ಪಾಡು ಅನೇಕ ಹೊಸ ಘಟಕಗಳಿಗೆ ಬಂದದ್ದು ಆ ಅನುಭವದ ನಂತರ.

ನಮ್ಮ ಕಡಲೂ ಬಣ್ಣ ಬದಲಿಸುತ್ತದೆ. 2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರು ಕಡೆಯ ತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದನ್ನು ನೋಡಲು ಜನ ಸೇರಿದ್ದು ನೆನಪಿರಬಹುದು. ಅದು ನಾಕ್ಟಿಲೂಕ ಎಂಬ ಜೀವಿಯ ಬೆಳಕು. ನೋಡಲು ಅಷ್ಟು ಚೆಂದದ ಆ ನೀರು ಪೊರೆಯ ಬಾಗಿಲಿಗೆ ಬಂದರೆ ಅಂಟಿನ ಹೊಳೆ. ಜೊತೆಗೆ ತಣ್ಣೀರುಬಾವಿ ಇರುವುದು ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಗುರುಪುರ ನದಿ ಇರುವ ಮರಳಪಟ್ಟಿಯಲ್ಲಿ. ಮಳೆಗಾಲದಲ್ಲಿ ಘಟ್ಟದಿಂದ ಇಳಿದ ಕೆಂಪು ನೀರು ಅಳಿವೆಯಲ್ಲಿ ಕಡಲಿಗೆ ಬೆರೆಯುವುದನ್ನು ಅಲ್ಲಿಯವರು ಪ್ರತಿ ವರ್ಷ ನೋಡುತ್ತಾರೆ. ಕರಾವಳಿಯಲ್ಲಿ ಎಲ್ಲೇ ಇಂಥ ಘಟಕ ಕಟ್ಟಿದರೂ ಏಪ್ರಿಲಿನ ಕಡಲಿಗೂ ಜುಲೈನ ಕಡಲಿಗೂ ಬೇರೆ ಬೇರೆ ಸಿದ್ಧತೆ ಬೇಕು. ಚೆನ್ನೈ ತನ್ನ ಮಿಂಜೂರಿನ ಘಟಕವನ್ನು 2010ರಲ್ಲಿ, ನೆಮ್ಮೇಲಿಯದನ್ನು 2013ರಲ್ಲಿ ಆರಂಭಿಸಿ ಈ ದಾರಿಯಲ್ಲಿ ನಮಗಿಂತ ಬಹಳ ಮುಂದಿದೆ. ಅಲ್ಲಿನ ಆಪರೇಟರುಗಳ ಲಾಗ್‌ಬುಕ್‌ಗಳು ನಮ್ಮವರಿಗೆ ಪಠ್ಯಪುಸ್ತಕವಾಗಬೇಕು.

ಹಳ್ಳಿಯ ಘಟಕದ ಮುಂದೆ

ಕಡಲಿನಿಂದ ಬಹುದೂರ, ಕೋಲಾರ ಸೀಮೆಯ ಒಂದು ಹಳ್ಳಿಯಲ್ಲಿ ಕಂಡದ್ದನ್ನು ಹೇಳದೆ ಈ ಬರಹ ಮುಗಿಸಲಾರೆ. ಅಲ್ಲಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲೂ ಇದೇ ಪೊರೆ, ಇದೇ ಸುರುಳಿ. ಅಳತೆ ಚಿಕ್ಕದು, ನೀರು ಫ್ಲೋರೈಡ್ ಇರುವ ಕೊಳವೆಬಾವಿಯದು. ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು, "ನೀರು ಮುಂಚಿನಂಗಿಲ್ಲಪ್ಪ, ಬಾಯಿಗೆ ಒಂಥರಾ ಉಪ್ಪುಪ್ಪು" ಅಂದರು. ಯಾವ ಮೀಟರಿಗೂ ಮೊದಲು ಅವರ ನಾಲಗೆ ಪತ್ತೆ ಹಚ್ಚಿತ್ತು. ಘಟಕ ನೋಡಿಕೊಳ್ಳುವ ಹುಡುಗ ನೀರು ಕಡಿಮೆಯಾಯಿತೆಂದು ಹೊರಹೋಗುವ ನೀರಿನ ವಾಲ್ವನ್ನು ತಿಂಗಳಿಗಿಷ್ಟು ಬಿಗಿ ಮಾಡುತ್ತ ಬಂದಿದ್ದ. ಸಾಲು ಉದ್ದ ಇತ್ತು, ಅವನಿಗೆ ಬೇರೆ ದಾರಿ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಹೊರಹೋಗುವ ನೀರು ಕಡಿಮೆಯಾದಷ್ಟೂ ಒಳಗೆ ಸುಣ್ಣ ಸಾಂದ್ರವಾಗುತ್ತದೆ. ಕಡೆಗೆ ತೆಗೆದು ನೋಡಿದಾಗ ಕೊನೆಯ ಎಲಿಮೆಂಟಿನ ಬಾಯಿ ಗಾರೆ ಮೆತ್ತಿದಂತೆ ಬಿಳಿಯಾಗಿತ್ತು. ಆರು ತಿಂಗಳ ಹಿಂದೆ ಸಿಟ್ರಿಕ್ ಆಮ್ಲದಲ್ಲಿ ಒಂದು ದಿನದ ಕೆಲಸವಾಗಿ ಮುಗಿಯಬಹುದಾಗಿದ್ದದ್ದು ಹೊಸ ಪೊರೆಯ ಖರ್ಚಾಗಿ ನಿಂತಿತು. ಅದು ಮಂಜೂರಾಗುವವರೆಗೆ ಊರು ಫ್ಲೋರೈಡಿನ ನೀರನ್ನೇ ಕುಡಿಯಿತು.

ನಮ್ಮ ಪ್ರತಿ ಘಟಕದ ಗೋಡೆಗೂ ದಾರ ಕಟ್ಟಿದ ಒಂದು ನೋಟುಪುಸ್ತಕ ಬೇಕು. ದಿನಕ್ಕೊಮ್ಮೆ ಅದರಲ್ಲಿ ಒಳಬರುವಲ್ಲಿನ ಮತ್ತು ಹೊರಹೋಗುವಲ್ಲಿನ ಒತ್ತಡ, ನಿಮಿಷಕ್ಕೆ ಬಂದ ನೀರು, ಆ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಪ್ರಮಾಣ ಬರೆಯಬೇಕು. ಮೊದಲ ಪುಟದಲ್ಲಿ, ಪೊರೆ ಹೊಸದಾಗಿದ್ದ ದಿನದ ಅಂಕಿಗಳು ಇರಬೇಕು. ಇದಕ್ಕೆ ಟೆಂಡರು ಬೇಡ, ಇಲಾಖೆಯ ಆದೇಶವೂ ಬೇಡ. ನಾಳೆ ಕ್ಯಾನು ಹಿಡಿದು ನೀರು ತರಲು ಹೋದಾಗ, ನಿಮ್ಮೂರ ಘಟಕದಲ್ಲಿ ಆ ಪುಸ್ತಕ ಇದೆಯೇ ಎಂದು ದಯವಿಟ್ಟು ಒಮ್ಮೆ ಕೇಳಿ.